ಲೀಸಿನಲ್ಲಿ ಉಳಿದಿದ್ದು 80 ವರ್ಷ 7 ತಿಂಗಳು

ಅಪ್ಪಂಗೆ ಈ ವಿಷಯ ಅರ್ಥ ಮಾಡ್ಸೋಕೆ ಮೂರು ವಾಟ್ಸಾಪ್ ಕಾಲ್ ಬೇಕಾಯ್ತು. "ಅಲ್ಲ ಮಾರಾಯ್ತಿ, ಮನೆ ತಗೊಂಡ್ರು ಅಂತ ನಾನು ಊರಿಗೆಲ್ಲ ಹೇಳಿದೀನಿ, ಈಗ ಲೀಸು ಅಂತೀಯಲ್ಲ, ಭೋಗ್ಯಕ್ಕೆ ಹಾಕ್ಕೊಂಡಿದ್ದಾ ಅದು? ಭೋಗ್ಯ ಆದ್ರೆ ಅವಧಿ ಮುಗಿದ್ಮೇಲೆ ದುಡ್ಡು ವಾಪಸ್ ಕೊಡ್ಬೇಕಲ್ಲ ಅವ್ರು?" ಇಲ್ಲಪ್ಪ, ಭೋಗ್ಯ ಅಲ್ಲ, ದುಡ್ಡು ವಾಪಸ್ ಬರಲ್ಲ, ಅವಧಿ ಮುಗಿದ್ರೆ ವಾಪಸ್ ಹೋಗೋದು ಮನೆ, ಅದೂ ಅವರ ಕೈಗೆ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರ್ಲಿಲ್ಲ.

ಇಂಗ್ಲೆಂಡಲ್ಲಿ ಫ್ಲಾಟ್ ತಗೊಂಡಿರೋ, ತಗೊಳ್ಬೇಕು ಅಂತಿರೋ ನಮ್ಮೋರು ತುಂಬಾ ಜನ ಇದಾರೆ, ಅವ್ರಿಗೋಸ್ಕರನೇ ಇದನ್ನ ಬರೀತಿದೀನಿ. ಯಾಕಂದ್ರೆ ನಮಗೆ ಇದನ್ನ ಯಾರೂ ಕೂರ್ಸಿ ಹೇಳ್ಲಿಲ್ಲ. ಇಂಗ್ಲೆಂಡ್ ಮತ್ತೆ ವೇಲ್ಸಲ್ಲಿ ಫ್ಲಾಟ್ ಅಂದ್ರೆ ಹೆಚ್ಚುಕಮ್ಮಿ ಎಲ್ಲಾನೂ ಲೀಸ್‌ಹೋಲ್ಡ್. ಕಟ್ಟಡ, ಅದರ ಕೆಳಗಿನ ನೆಲ ಎಲ್ಲ ಫ್ರೀಹೋಲ್ಡರ್‌ದು. ನಾವು ಲಕ್ಷಗಟ್ಟಲೆ ಪೌಂಡ್ ಕೊಟ್ಟು ತಗೊಳ್ಳೋದು ಇಷ್ಟು ವರ್ಷ ಅಲ್ಲಿ ಇರೋ ಹಕ್ಕನ್ನ. 99 ವರ್ಷ, 125 ವರ್ಷ, ಪುಣ್ಯ ಇದ್ರೆ 999 ವರ್ಷ. ಆ ನಂಬರ್ ದಿನಾ ಕಮ್ಮಿ ಆಗ್ತಾ ಹೋಗುತ್ತೆ, ನಾವು ನಿದ್ದೆ ಮಾಡ್ತಿರುವಾಗ್ಲೂ.

ನಾವು ರೆಡಿಂಗಲ್ಲಿ ಎರಡು ಬೆಡ್‌ರೂಮಿನ ಫ್ಲಾಟ್ ತಗೊಂಡಿದ್ದು 2018ರ ಏಪ್ರಿಲಲ್ಲಿ. ಆಗ ಸಾಲಿಸಿಟರ್, ಅಂದ್ರೆ ಮನೆ ಕಾಗದಪತ್ರ ನೋಡೋ ವಕೀಲರು, ಕೊಟ್ಟ ದಪ್ಪ ರಿಪೋರ್ಟಲ್ಲಿ ಒಂದು ಸಾಲು ಇತ್ತು, ಲೀಸ್ 2005ರ ಜೂನ್ 24ರಿಂದ 99 ವರ್ಷ ಅಂತ. ಓದಿದ್ವಿ, ಸೈನ್ ಹಾಕಿದ್ವಿ. 86 ವರ್ಷ ಉಳಿದಿದೆ, ನಾವೇ ಅಷ್ಟು ವರ್ಷ ಇರಲ್ಲ, ಇನ್ನೇನು ತಲೆಬಿಸಿ ಅಂತ ಅಂದ್ಕೊಂಡ್ವಿ. ಇದೇ ತಪ್ಪು. ನಾವು ಎಷ್ಟು ವರ್ಷ ಬದುಕ್ತೀವಿ ಅನ್ನೋದಕ್ಕೂ ಲೀಸಿನ ವರ್ಷಕ್ಕೂ ಸಂಬಂಧನೇ ಇಲ್ಲ, ನಾಳೆ ಮಾರೋಕೆ ಹೋದಾಗ ತಗೊಳ್ಳೋನಿಗೆ ಬ್ಯಾಂಕು ಸಾಲ ಕೊಡುತ್ತಾ ಇಲ್ವಾ ಅನ್ನೋದು ಮುಖ್ಯ, ಲೀಸ್ ಕಮ್ಮಿ ಆದಷ್ಟೂ ಬ್ಯಾಂಕುಗಳು ಹಿಂದೆ ಸರೀತವೆ, 70ರ ಹತ್ರ ಬಂತು ಅಂದ್ರೆ ಎಷ್ಟೋ ಬ್ಯಾಂಕು ಅರ್ಜಿನೇ ತಗೊಳ್ಳಲ್ಲ.

ನಮಗೆ ಎಚ್ಚರ ಆಗಿದ್ದು 2023ರ ನವೆಂಬರಲ್ಲಿ. ಮನೆ ಸಾಲದ ಐದು ವರ್ಷದ ಫಿಕ್ಸ್ ರೇಟ್ ಮುಗಿದಿತ್ತು, ರಿಮಾರ್ಟ್‌ಗೇಜಿಗೆ, ಅಂದ್ರೆ ಸಾಲನ ಹೊಸ ರೇಟಿಗೆ ಬದಲಾಯಿಸೋಕೆ ಅಂತ ಬ್ರೋಕರ್ ಹತ್ರ ಮಾತಾಡ್ತಿದ್ವಿ, ಆಕೆ ಫಾರ್ಮ್ ತುಂಬ್ತಾ ತುಂಬ್ತಾ ಲೀಸ್ ಎಷ್ಟು ಉಳಿದಿದೆ ಅಂತ ಕೇಳಿದ್ರು. ನಾನು ಫೈಲ್ ತೆಗೆದು ಲೆಕ್ಕ ಹಾಕ್ದೆ, 80 ವರ್ಷ 7 ತಿಂಗಳು. ಆಕೆ ಬರೆಯೋದು ನಿಲ್ಸಿ "80ರ ಕೆಳಗೆ ಹೋಗೋಕೆ ಬಿಡ್ಬೇಡಿ, ಫ್ರೀಹೋಲ್ಡರ್‌ಗೆ ದುಡ್ಡು ಕೊಟ್ಟು ಲೀಸ್ ಉದ್ದ ಮಾಡ್ಸೋ ಕೆಲಸ ಇವತ್ತೇ ಶುರು ಮಾಡಿ" ಅಂದ್ರು. ಆ ಒಂದು ಮಾತಿಗೆ ನಾನು ಇವತ್ತಿಗೂ ಋಣಿ.

80ರಲ್ಲಿ ಅಂಥದ್ದೇನಿದೆ ಅಂದ್ರೆ ಮ್ಯಾರೇಜ್ ವ್ಯಾಲ್ಯೂ. ಹೆಸರು ಕೇಳಿದ್ರೆ ಏನೂ ತಿಳಿಯಲ್ಲ, ಹಾಗಾಗಿ ಅಪ್ಪಂಗೆ ಹೇಳಿದ ಹಾಗೇ ಇಲ್ಲೂ ಹೇಳ್ತೀನಿ. ಒಂದು ತೋಟ ಇದೆ ಅನ್ಕೊಳ್ಳಿ, ತೋಟ ನಂದು, ಅದರೊಳಗಿನ ಬಾವಿ ಮಾತ್ರ ಪಕ್ಕದ ಮನೆಯವರದ್ದು. ಬೇರೆಬೇರೆಯಾಗಿ ಮಾರಿದ್ರೆ ನೀರಿಲ್ಲದ ತೋಟಕ್ಕೂ ರೇಟಿಲ್ಲ, ತೋಟ ಇಲ್ಲದ ಬಾವಿಗೂ ರೇಟಿಲ್ಲ, ಎರಡೂ ಒಬ್ಬರ ಕೈಗೆ ಬಂದ್ರೆ ಮಾತ್ರ ಬೆಲೆ ಏಕ್ದಮ್ ಮೇಲೆ ಹೋಗುತ್ತೆ. ಹಾಗೆ ಜಾಸ್ತಿ ಆಗೋ ಬೆಲೆನೇ ಮ್ಯಾರೇಜ್ ವ್ಯಾಲ್ಯೂ. ಲೀಸ್ ಉದ್ದ ಮಾಡಿದ ತಕ್ಷಣ ಫ್ಲಾಟಿನ ಬೆಲೆ ಏರುತ್ತಲ್ಲ, ಆ ಏರಿಕೆಯಲ್ಲಿ ಅರ್ಧ ಫ್ರೀಹೋಲ್ಡರ್‌ಗೆ ಕೊಡ್ಬೇಕು ಅನ್ನುತ್ತೆ ಕಾನೂನು. ಲೀಸ್ 80 ವರ್ಷಕ್ಕಿಂತ ಜಾಸ್ತಿ ಇದ್ದಾಗ ಮಾತ್ರ ಅದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ಅಂದ್ರೆ 80 ವರ್ಷ ಒಂದು ದಿನ ಇದ್ರೆ ಒಂದು ಬೆಲೆ, ಒಂದು ದಿನ ಕಮ್ಮಿ ಆದ್ರೆ ಬೇರೆನೇ ಬೆಲೆ. ನಮ್ಮ ವಿಷಯದಲ್ಲಿ ಬೆಲೆ ಕಟ್ಟೋ ಸರ್ವೇಯರ್ ಹೇಳಿದ್ದು, ಲೀಸ್ ಉದ್ದ ಮಾಡ್ಸೋಕೆ 80ರ ಗೆರೆಗಿಂತ ಮೇಲಿದ್ರೆ ಸುಮಾರು 9,000 ಪೌಂಡ್, ಕೆಳಗೆ ಬಿದ್ರೆ 20,000 ದಾಟುತ್ತೆ ಅಂತ. ನಮ್ಮ ಗೆರೆ 2024ರ ಜೂನ್ 24. ಉಳಿದಿದ್ದು ಏಳೇ ತಿಂಗಳು.

ಮೊದಲು ನಾವು ಮಾಡಿದ ಕೆಲಸ ಫ್ರೀಹೋಲ್ಡರ್ ಕಡೆ ಏಜೆಂಟ್‌ಗೆ ಈಮೇಲ್ ಹಾಕಿದ್ದು. ಐದು ವಾರ ಉತ್ತರ ಇಲ್ಲ. ಆಮೇಲೆ ಒಂದು ಚಂದದ ಪತ್ರ ಬಂತು, 7,500 ಪೌಂಡ್ ಕೊಟ್ರೆ ಲೀಸನ್ನ ಮತ್ತೆ 125 ವರ್ಷಕ್ಕೆ ಮಾಡ್ಕೊಡ್ತೀವಿ, 28 ದಿನದೊಳಗೆ ಒಪ್ಕೋಬೇಕು, ಸರ್ವೇಯರ್ ಬೇಡ, ನೋಟಿಸ್ ಬೇಡ, ಬೇಗ ಮುಗಿಯುತ್ತೆ ಅಂತ. ನನ್ನ ಗಂಡ ಪೆನ್ ತಗೊಂಡು ರೆಡಿ ಇದ್ರು, ಸರ್ವೇಯರ್ ಹೇಳಿದ್ದಕ್ಕಿಂತ ಕಮ್ಮಿ ಅಲ್ವಾ ಅಂತ. ನಂಗೂ ಹಾಗೇ ಅನ್ಸಿತ್ತು. ಆದ್ರೆ ಪತ್ರದ ಎರಡನೇ ಪುಟದಲ್ಲಿ ಗ್ರೌಂಡ್ ರೆಂಟ್, ಅಂದ್ರೆ ಫ್ರೀಹೋಲ್ಡರ್‌ಗೆ ವರ್ಷಾವರ್ಷ ಕಟ್ಟೋ ನೆಲಬಾಡಿಗೆ, ಹಳೇ ಲೀಸಲ್ಲಿ ಇದ್ದಂಗೇ ಮುಂದುವರಿಯುತ್ತೆ ಅಂತ ಇತ್ತು. ನಮ್ಮ ಗ್ರೌಂಡ್ ರೆಂಟ್ ವರ್ಷಕ್ಕೆ 150 ಪೌಂಡ್, 33 ವರ್ಷಕ್ಕೊಂದ್ಸಲ ಡಬಲ್. ಅಂದ್ರೆ 300, ಆಮೇಲೆ 600, 2104ರವರೆಗೂ ಕಟ್ತಾನೇ ಇರೋದು.

1993ರ ಕಾನೂನಿನ ದಾರಿ ಬೇರೆ. ಆ ವರ್ಷದ ಲೀಸ್‌ಹೋಲ್ಡ್ ಸುಧಾರಣೆ ಕಾಯ್ದೆ ಪ್ರಕಾರ ಫ್ಲಾಟ್ ಮಾಲೀಕ ಕೇಳಿದ್ರೆ ಫ್ರೀಹೋಲ್ಡರ್ ಇಲ್ಲ ಅನ್ನೋಕೆ ಆಗಲ್ಲ, ಬೆಲೆ ಬಗ್ಗೆ ಜಗಳ ಆಡ್ಬೋದು ಅಷ್ಟೇ. ಉಳಿದಿರೋ ವರ್ಷದ ಮೇಲೆ ಇನ್ನೂ 90 ವರ್ಷ ಸೇರ್ಕೊಳ್ಳುತ್ತೆ, ಗ್ರೌಂಡ್ ರೆಂಟ್ ಆವತ್ತಿಂದಲೇ ಸೊನ್ನೆ. ಹಾಗೆ ನೋಡಿದ್ರೆ, ಉಳಿದಿದ್ದ 80ನ್ನ 125ರಲ್ಲಿ ಕಳೆದ್ರೆ ಅವರು ಕೊಡೋದು 45 ವರ್ಷ ಜೊತೆಗೆ ಬಾಡಿಗೆ, ಕಾನೂನು ಕೊಡೋದು 90 ವರ್ಷ ಬಾಡಿಗೆನೇ ಇಲ್ದೆ. ಏಜೆಂಟ್ ಪತ್ರದಲ್ಲಿ ಸುಳ್ಳೇನೂ ಇರ್ಲಿಲ್ಲ, ಆದ್ರೆ ಈ ಹೋಲಿಕೆ ಮಾತ್ರ ಎಲ್ಲೂ ಇರ್ಲಿಲ್ಲ. ಇಂಥ ಪತ್ರ ಬಂದ್ರೆ ದಯವಿಟ್ಟು ಎರಡನೇ ಪುಟ ಓದಿ, ಬೆಲೆ ಒಂದನ್ನೇ ನೋಡ್ಬೇಡಿ. 28 ದಿನ ಅನ್ನೋದು ಅವರೇ ಹಾಕ್ಕೊಂಡ ಗಡುವು, ಕಾನೂನಿನ ಗಡುವಲ್ಲ.

ಸರ್ಕಾರದ ನೆರವಲ್ಲಿ ನಡೆಯೋ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್ ಅಂತ ಒಂದಿದೆ, ಅದರ ವೆಬ್‌ಸೈಟಲ್ಲಿ ನಾನು ಎರಡು ರಾತ್ರಿ ಕೂತು ಓದ್ದೆ. ಇದರಲ್ಲಿ ವಕೀಲರಿಗಿಂತ ಮೊದಲು ಬೇಕಾಗಿರೋದು ಲೀಸ್ ಬೆಲೆ ಕಟ್ಟೋದರಲ್ಲೇ ಪಳಗಿದ ಸರ್ವೇಯರ್, ಮನೆ ತಗೊಳ್ಳುವಾಗ ಗೋಡೆ ತೇವ ನೋಡೋಕೆ ಬರೋರಲ್ಲ. ನಮ್ಮೋರು ಒಂದೂವರೆ ಗಂಟೆ ಇದ್ರು, ಅದರಲ್ಲಿ ಅರ್ಧ ಗಂಟೆ ಡೈನಿಂಗ್ ಟೇಬಲ್ ಮೇಲೆ ಲೆಕ್ಕ ವಿವರಿಸಿದ್ರು. ಪ್ರೀಮಿಯಂ, ಅಂದ್ರೆ ಲೀಸ್ ಉದ್ದ ಮಾಡ್ಸೋಕೆ ಫ್ರೀಹೋಲ್ಡರ್‌ಗೆ ಕೊಡೋ ಬೆಲೆ, ಗಾಳಿಯಲ್ಲಿ ಹೇಳೋ ರೇಟಲ್ಲ ಅಂತ ನಂಗೆ ಗೊತ್ತಾಗಿದ್ದು ಆವಾಗ್ಲೇ. ಫ್ರೀಹೋಲ್ಡರ್ ಕಳ್ಕೊಳ್ಳೋ ಗ್ರೌಂಡ್ ರೆಂಟ್‌ನ ಇವತ್ತಿನ ಬೆಲೆ ಒಂದು, ಇನ್ನು 80 ವರ್ಷ ಬಿಟ್ಟು ಅವರಿಗೆ ಬರ್ಬೇಕಿದ್ದ ಫ್ಲಾಟಿನ ಇವತ್ತಿನ ಬೆಲೆ ಇನ್ನೊಂದು. ಈ ಎರಡನೇದನ್ನ ವರ್ಷಕ್ಕೆ ಶೇಕಡಾ 5ರ ಹಾಗೆ ಹಿಂದಕ್ಕೆ ಇಳಿಸ್ತಾ ಬರ್ತಾರೆ. ಆ 5 ಅನ್ನೋದು 2006ರಲ್ಲಿ ಸ್ಪೋರ್ಟೆಲ್ಲಿ ಅನ್ನೋ ಕೇಸಲ್ಲಿ ಫ್ಲಾಟುಗಳಿಗೆ ಗೊತ್ತುಮಾಡಿದ್ದು. ಎರಡೂವರೆ ಲಕ್ಷದ ಫ್ಲಾಟು 80 ವರ್ಷದ ಆಚೆ ನಿಂತ್ರೆ ಇವತ್ತಿಗೆ ಸುಮಾರು 5,000 ಪೌಂಡ್ ಅಷ್ಟೇ. ಅದಕ್ಕೆ ಬಾಡಿಗೆ ಲೆಕ್ಕ ಒಂದು ನಾಲ್ಕು ಸಾವಿರ ಸೇರ್ಸಿ, ಅಲ್ಲಿಗೆ 9,000 ಬಂತು. ಇಷ್ಟು ಸರಳವಾಗಿ ಹೇಳ್ಬೋದಾದ ವಿಷಯನ ಐದು ವರ್ಷದಲ್ಲಿ ಯಾರೂ ಹೇಳಿರ್ಲಿಲ್ವಲ್ಲ ಅಂತ ಹೊಟ್ಟೆ ಉರೀತು.

ಈ ಮಧ್ಯೆ ಇನ್ನೊಂದು ತಲೆನೋವು ಶುರು ಆಯ್ತು. 2023ರ ನವೆಂಬರ್ ಕೊನೆಯಲ್ಲೇ ಪಾರ್ಲಿಮೆಂಟಲ್ಲಿ ಹೊಸ ಬಿಲ್ ಬಂದಿತ್ತು, ಮ್ಯಾರೇಜ್ ವ್ಯಾಲ್ಯೂ ತೆಗೆದುಹಾಕ್ತಾರೆ, 90ರ ಬದಲು 990 ವರ್ಷ ಕೊಡ್ತಾರೆ, ಫ್ರೀಹೋಲ್ಡರ್ ಖರ್ಚನ್ನ ಸಾಮಾನ್ಯವಾಗಿ ನಾವು ಕಟ್ಟೋ ಹಾಗೇ ಇರಲ್ಲ ಅಂತೆಲ್ಲ. ನಮ್ಮ ಕನ್ನಡದೋರ ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ಕಾಯಿ ಕಾಯಿ ಅನ್ನೋರೇ. ಆಫೀಸಲ್ಲೂ ಅದೇ. ಕಾಯೋದಾ ಬೇಡ್ವಾ ಅಂತ ಜನವರಿ ಪೂರ್ತಿ ನಾವಿಬ್ರೂ ಊಟಕ್ಕೆ ಕೂತಾಗೆಲ್ಲ ಇದೇ ಮಾತು. ಕೊನೆಗೆ ನಾನು ಯೋಚನೆ ಮಾಡಿದ್ದು ಹೀಗೆ, ಬಿಲ್ ಪಾಸಾಗ್ಬೋದು, ಆದ್ರೆ ಪಾಸಾಗೋದು ಬೇರೆ ಜಾರಿಗೆ ಬರೋದು ಬೇರೆ, ಜೂನ್ 24 ಮಾತ್ರ ಯಾರಿಗೋಸ್ಕರನೂ ನಿಲ್ಲಲ್ಲ. ಕಾನೂನು ಬಂದ್ರೆ ಉಳಿಯೋದು ಎಷ್ಟು, ಬರದಿದ್ರೆ ಕಳ್ಕೊಳ್ಳೋದು ಎಷ್ಟು ಅಂತ ಒಂದೇ ಹಾಳೆಯಲ್ಲಿ ಎದುರುಬದುರು ಬರೆದು ನೋಡಿದ್ಮೇಲೆ ನನಗೆ ಅನುಮಾನ ಉಳೀಲಿಲ್ಲ.

ಬಿಲ್ ಪಾಸಾಯ್ತು, 2024ರ ಮೇ 24ಕ್ಕೆ, ಚುನಾವಣೆ ಘೋಷಣೆ ಆಗಿ ಪಾರ್ಲಿಮೆಂಟ್ ಮುಚ್ಚೋ ಗಡಿಬಿಡಿಯಲ್ಲಿ. ಅದರಲ್ಲಿ ಒಂದು ಒಳ್ಳೇ ಭಾಗ 2025ರ ಜನವರಿ 31ಕ್ಕೆ ಜಾರಿಗೂ ಬಂತು, ಮುಂಚೆ ಫ್ಲಾಟ್ ತಗೊಂಡು ಎರಡು ವರ್ಷ ಆಗೋವರೆಗೂ ಲೀಸ್ ಎಕ್ಸ್‌ಟೆನ್ಶನ್ ಕೇಳೋ ಹಾಗಿರ್ಲಿಲ್ಲ, ಈಗ ತಗೊಂಡ ಕೂಡ್ಲೇ ಕೇಳ್ಬೋದು. ಆದ್ರೆ ಮ್ಯಾರೇಜ್ ವ್ಯಾಲ್ಯೂ ರದ್ದು, 990 ವರ್ಷ, ಇವೆರಡೂ 2025 ಮುಗೀತಾ ಬಂದ್ರೂ ಜಾರಿಗೆ ಬಂದಿಲ್ಲ. ಅವು ಬಂದೇ ಬರ್ಲಿ ಅಂತ ನನ್ನ ಆಸೆ, ನಾನು ಆಗ್ಲೇ ದುಡ್ಡು ಕಟ್ಟಿ ಆಗಿದ್ರೂ. ನೆಲದ ಮೇಲೆ ಹಕ್ಕಿದೆ ಅನ್ನೋ ಒಂದೇ ಕಾರಣಕ್ಕೆ ಇನ್ನೊಬ್ಬರ ಮನೆಯ ವರ್ಷ ಕರಗೋದನ್ನೇ ಆದಾಯ ಮಾಡ್ಕೊಳ್ಳೋದು ನ್ಯಾಯ ಅಂತ ನಂಗೆ ಯಾವತ್ತೂ ಅನ್ಸಿಲ್ಲ.

ನಮ್ಮ ಸೆಕ್ಷನ್ 42 ನೋಟಿಸ್, ಅಂದ್ರೆ 1993ರ ಕಾಯ್ದೆ ಪ್ರಕಾರ ಲೀಸ್ ಉದ್ದ ಮಾಡ್ಕೊಡಿ ಅಂತ ಫ್ರೀಹೋಲ್ಡರ್‌ಗೆ ಕೊಡೋ ನೋಟಿಸ್, ಹೋಗಿದ್ದು 2024ರ ಮಾರ್ಚ್ ಮಧ್ಯದಲ್ಲಿ. ಇದರ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು: ಬೆಲೆ ಲೆಕ್ಕ ಹಾಕೋದು ನೋಟಿಸ್ ಕೊಟ್ಟ ದಿನಕ್ಕೆ. ಆಮೇಲೆ ಚೌಕಾಸಿ ಒಂದು ವರ್ಷ ನಡೆದ್ರೂ ನಿಮ್ಮ ಲೀಸಿನ ಗಡಿಯಾರ ಆವತ್ತಿಗೇ ನಿಂತ ಹಾಗೆ. ಹಾಗಾಗಿ 80ರೊಳಗೆ ಎಲ್ಲಾ ಮುಗಿಸ್ಬೇಕಾಗಿಲ್ಲ, ಸರಿಯಾದ ನೋಟಿಸ್ ತಲುಪಿದ್ರೆ ಸಾಕು. ಸರಿಯಾದ ಅನ್ನೋದೇ ಇಲ್ಲಿ ಕಷ್ಟ. ನೋಟಿಸಲ್ಲಿ ನಾವು ಹೇಳೋ ಬೆಲೆ ನಂಬೋ ಹಾಗಿರ್ಬೇಕು, ಒಂದು ಪೌಂಡ್ ಅಂತೆಲ್ಲ ಬರೆದ್ರೆ ನೋಟಿಸೇ ಬಿದ್ದುಹೋಗ್ಬೋದು. ನಮ್ಮ ಲೀಸಲ್ಲಿ ಫ್ರೀಹೋಲ್ಡರ್ ಜೊತೆ ಮ್ಯಾನೇಜ್‌ಮೆಂಟ್ ಕಂಪನಿನೂ ಪಾರ್ಟಿ, ಅವರಿಗೂ ಒಂದು ಕಾಪಿ ಹೋಗ್ಬೇಕಿತ್ತು, ಇಂಥದ್ರಲ್ಲಿ ತಪ್ಪಿದ್ರೆ ಮತ್ತೆ ಮೊದಲಿಂದ, ನಮಗೆ ಹಾಗೆ ಮೊದಲಿಂದ ಶುರು ಮಾಡೋಕೆ ಟೈಮೇ ಇರ್ಲಿಲ್ಲ. ಅದಕ್ಕೇ ಇದೇ ಕೆಲಸ ಮಾಡೋ ಸಾಲಿಸಿಟರ್‌ನ ಹುಡುಕಿದ್ವಿ, ಮನೆ ತಗೊಳ್ಳುವಾಗ ಇದ್ದೋರ ಹತ್ರ ಹೋಗ್ಲಿಲ್ಲ. ನೋಟಿಸಲ್ಲಿ 7,200 ಅಂತ ಹಾಕಿದ್ವಿ. ಅದರ ಶೇಕಡಾ 10, ಅಂದ್ರೆ 720 ಪೌಂಡ್, ಡೆಪಾಸಿಟ್ ಕೇಳಿದ್ರು, ಕಟ್ಟಿದ್ವಿ.

ಕೌಂಟರ್ ನೋಟಿಸ್, ಅಂದ್ರೆ ನಮ್ಮ ನೋಟಿಸಿಗೆ ಉತ್ತರ, ಕೊಡೋಕೆ ಫ್ರೀಹೋಲ್ಡರ್‌ಗೆ ಕಮ್ಮಿ ಅಂದ್ರೂ ಎರಡು ತಿಂಗಳು ಟೈಮ್ ಕೊಡ್ಬೇಕು. ಆ ದಿನ ದಾಟಿದ್ರೆ ನಾವು ಹೇಳಿದ ಬೆಲೆಗೇ ಕೋರ್ಟಿಂದ ಲೀಸ್ ತಗೊಳ್ಬೋದು, ಹಾಗಾಗಿ ಮೇ ಕೊನೆಯಲ್ಲಿ ನಾನು ದಿನಾ ಈಮೇಲ್ ನೋಡ್ತಾ ಬರ್ದೇ ಇರ್ಲಪ್ಪ ದೇವ್ರೇ ಅಂತಿದ್ದೆ. ಎರಡೇ ದಿನ ಇರುವಾಗ ಬಂತು, 14,250. ನಾನು ಅವತ್ತು ಅತ್ತಿದ್ದೆ. ಸರ್ವೇಯರ್‌ಗೆ ಫೋನ್ ಮಾಡಿದ್ರೆ ಅವರು ಸಮಾಧಾನವಾಗಿ ಇದು ಶುರು, ಇದನ್ನ ಬೆಲೆ ಅಂತ ತಗೋಬೇಡಿ ಅಂದ್ರು.

ಆಮೇಲೆ ಇಬ್ಬರು ಸರ್ವೇಯರ್‌ಗಳ ನಡುವೆ ಪತ್ರ, ಮೌನ, ಮತ್ತೆ ಪತ್ರ. ಬೇಸಿಗೆ ಪೂರ್ತಿ ಹೀಗೇ ಹೋಯ್ತು, ಅದರಲ್ಲಿ ಬರೆಯೋ ಅಂಥದ್ದೇನಿಲ್ಲ. ಒಂದು ಗಡುವು ಮಾತ್ರ ನೆನಪಿಟ್ಕೊಳ್ಳಿ. ಕೌಂಟರ್ ನೋಟಿಸ್ ಬಂದು ಎರಡು ತಿಂಗಳಾದ್ಮೇಲೆ, ಆರು ತಿಂಗಳೊಳಗೆ, ಒಪ್ಪಂದ ಆಗದಿದ್ರೆ ಇಂಥ ಬೆಲೆ ಜಗಳ ತೀರ್ಮಾನ ಮಾಡೋ ಟ್ರಿಬ್ಯುನಲ್‌ಗೆ ಅರ್ಜಿ ಹಾಕ್ಲೇಬೇಕು. ಹಾಕ್ಲಿಲ್ಲ ಅಂದ್ರೆ ನೋಟಿಸ್ ವಾಪಸ್ ತಗೊಂಡ ಹಾಗೆ ಲೆಕ್ಕ, ಅಲ್ಲಿವರೆಗಿನ ಅವರ ಖರ್ಚೂ ನಮ್ಮ ತಲೆಗೆ, ಮತ್ತೆ 12 ತಿಂಗಳು ಹೊಸ ನೋಟಿಸ್ ಕೊಡೋ ಹಾಗಿಲ್ಲ. ನಮಗಾದ್ರೆ ಅಷ್ಟೊತ್ತಿಗೆ 80 ದಾಟಿ ಕೆಳಗೆ. ನಮ್ಮ ಸಾಲಿಸಿಟರ್ ಆಫೀಸಲ್ಲಿ ಫೈಲ್ ನೋಡ್ತಿದ್ದ ಹುಡುಗಿ ಆಗಸ್ಟಲ್ಲಿ ಕೆಲಸ ಬಿಟ್ಟಳು, ಹೊಸಬರಿಗೆ ಈ ತಾರೀಕು ನೆನಪಿಸಿದ್ದು ನಾನೇ. ದುಡ್ಡು ಕೊಟ್ಟು ವಕೀಲರನ್ನ ಇಟ್ಕೊಂಡಿದೀವಿ ಅಂತ ಸುಮ್ನಿರ್ಬೇಡಿ, ನಿಮ್ಮ ಕ್ಯಾಲೆಂಡರಲ್ಲೂ ಬರ್ಕೊಳ್ಳಿ. ಸೆಪ್ಟೆಂಬರಲ್ಲಿ ಅರ್ಜಿ ಹಾಕಿದ್ವಿ. ಹಾಕಿದ್ಮೇಲೆ ಆ ಕಡೆಯೋರ ಉತ್ತರ ವಾರದೊಳಗೆ ಬರೋಕೆ ಶುರು ಆಯ್ತು, ಅಕ್ಟೋಬರಲ್ಲಿ 9,900ಕ್ಕೆ ಮುಗೀತು. ಹಿಯರಿಂಗ್‌ವರೆಗೂ ಹೋಗ್ಲೇ ಇಲ್ಲ.

ಒಟ್ಟು ಖರ್ಚು ಕೇಳೋರಿಗೆ: ಪ್ರೀಮಿಯಂ 9,900, ನಮ್ಮ ಸರ್ವೇಯರ್ 780, ನಮ್ಮ ಸಾಲಿಸಿಟರ್ 1,440, ಅವರ ಕಡೆ ಸರ್ವೇಯರ್ ಮತ್ತು ವಕೀಲರಿಗೆ 2,100. ಈ ಕೊನೇದು ತುಂಬಾ ಚುಚ್ಚುತ್ತೆ, ನಮ್ಮ ವಿರುದ್ಧ ವಾದ ಮಾಡೋಕೆ ಬೆಲೆ ಕಟ್ಟಿದೋರ ಫೀಸನ್ನೂ ನಾವೇ ಕಟ್ಟೋದು. ಈಗ ಜಾರಿಯಲ್ಲಿರೋ ಕಾನೂನು ಅದೇ. ಆದ್ರೆ ಕಟ್ಬೇಕಾಗಿರೋದು ನ್ಯಾಯವಾದ ಖರ್ಚು ಮಾತ್ರ, ಅವರು ಮೊದಲು ಕೇಳಿದ್ದು 2,900, ವಿವರ ಕೊಡಿ ಅಂತ ಬರೆದ್ಮೇಲೆ ಇಳೀತು.

ಇಷ್ಟೆಲ್ಲ ಆಗ್ತಾ ಇರುವಾಗ ನಂಗೆ ನಿದ್ದೆ ಕೆಡಿಸಿದ್ದು ಇನ್ನೊಂದು. ನಮ್ಮ ಕಟ್ಟಡದಲ್ಲಿ 24 ಫ್ಲಾಟಿದೆ, ಎಲ್ಲರ ಲೀಸೂ ಶುರುವಾಗಿದ್ದು ಒಂದೇ ದಿನ. ಅಂದ್ರೆ 24 ಮನೆಯೂ ಜೂನ್ 24ಕ್ಕೆ ಒಟ್ಟಿಗೇ ಆ ಗೆರೆ ದಾಟ್ತವೆ. ಇದು ಹೊಳೆದಿದ್ದು ಫೆಬ್ರವರಿಯ ಒಂದು ರಾತ್ರಿ, ಬೆಳಿಗ್ಗೆ ಎದ್ದು ಒಂದು ಪುಟ ಟೈಪ್ ಮಾಡಿ ಎಲ್ಲರ ಬಾಗಿಲಡಿ ಹಾಕ್ದೆ. ಭಾನುವಾರ ಒಂಬತ್ತು ಮನೆಯವರು ನಮ್ಮಲ್ಲಿ ಟೀಗೆ ಬಂದ್ರು. ಎಲ್ಲ ಸೇರಿ ಫ್ರೀಹೋಲ್ಡನ್ನೇ ಕೊಂಡ್ಕೊಳ್ಳೋಣ ಅಂತ ಮಾತು ಬಂತು, ಅದಕ್ಕೆ ಕಮ್ಮಿ ಅಂದ್ರೂ ಅರ್ಧ ಫ್ಲಾಟಿನೋರು ಸೇರ್ಬೇಕು, 12 ಜನ ಬೇಕಿತ್ತು, ಏಳಕ್ಕೆ ನಿಂತೋಯ್ತು. ಎಷ್ಟೋ ಫ್ಲಾಟಿನ ಮಾಲೀಕರು ಬಾಡಿಗೆಗೆ ಕೊಟ್ಟು ಬೇರೆಲ್ಲೋ ಇದ್ರು, ಅವರ ವಿಳಾಸನೇ ಸಿಗ್ಲಿಲ್ಲ. ನನ್ನ ಕಾಗದ ಓದಿದ್ದು ಬಾಡಿಗೆಯೋರು, ಅವರಿಗೆ ಅದು ಬೇಕಿರ್ಲಿಲ್ಲ. ಕೊನೆಗೆ ನಮ್ಮನ್ನ ಸೇರಿಸಿ ಆರು ಮನೆಯವರು ಜೂನ್ 24ರ ಒಳಗೆ ನೋಟಿಸ್ ಕೊಟ್ಟಿದ್ದು, ಒಬ್ಬರೇ ಸರ್ವೇಯರ್ ಅಂತ ಅವರು ಫೀಸಲ್ಲಿ ಸ್ವಲ್ಪ ಬಿಟ್ಟೂ ಕೊಟ್ರು.

ಕೆಳಗಿನ ಫ್ಲಾಟಲ್ಲಿ ಒಬ್ಬರು ಹಿರಿಯರಿದಾರೆ, ಕಟ್ಟಡ ಹೊಸದಿರುವಾಗ್ಲೇ ಬಂದೋರು. ಪೇಪರಲ್ಲಿ ಹೊಸ ಕಾನೂನಿನ ಸುದ್ದಿ ಓದಿ ನಾನು ಕಾಯ್ತೀನಮ್ಮ ಅಂದ್ರು. ನಾನು ಮೂರು ಸಲ ಹೋಗಿ ಹೇಳ್ದೆ. ನಾಲ್ಕನೇ ಸಲ ಹೋಗ್ಬೇಕಿತ್ತು. ಅವರೀಗ ಮಗಳ ಊರಿಗೆ ಹೋಗ್ಬೇಕು ಅಂತ ಮನೆ ಮಾರೋಕೆ ನೋಡ್ತಿದಾರೆ, ಬಂದ ಒಬ್ಬ ಗಿರಾಕಿ 79 ವರ್ಷ ಅಂತ ಗೊತ್ತಾಗಿ ಬೆಲೆ ಇಳ್ಸಿ ಅಂದ್ನಂತೆ. ಮೆಟ್ಟಿಲಲ್ಲಿ ಸಿಕ್ಕಾಗೆಲ್ಲ ಆ ಕಾನೂನು ಬಂತಾ ಅಂತ ಕೇಳ್ತಾರೆ. ಇನ್ನೂ ಇಲ್ಲ ಅಂತೀನಿ.

ನಮ್ಮ ಹೊಸ ಲೀಸ್ 2025ರ ಜನವರಿಯಲ್ಲಿ ಸೈನ್ ಆಯ್ತು, ಲ್ಯಾಂಡ್ ರಿಜಿಸ್ಟ್ರಿಯಲ್ಲಿ ದಾಖಲಾಗೋಕೆ ಇನ್ನೂ ಕೆಲವು ತಿಂಗಳು ಹಿಡೀತು. 2194ರವರೆಗೆ. ಅದರಲ್ಲಿ ಬಾಡಿಗೆ ಅಂತ ಇರೋ ಜಾಗದಲ್ಲಿ ಒಂದು ಪೆಪ್ಪರ್‌ಕಾರ್ನ್ ಅಂತ ಬರೆದಿದೆ. ಇಲ್ಲಿನ ಹಳೇ ಪದ್ಧತಿ ಅದು, ಒಪ್ಪಂದ ಅಂದ್ಮೇಲೆ ಏನಾದ್ರೂ ಕೊಟ್ಟ ಹಾಗೆ ಇರ್ಬೇಕು ಅಂತ ಸೊನ್ನೆ ಬಾಡಿಗೆಗೆ ಒಂದು ಮೆಣಸಿನಕಾಳು ಅನ್ನೋದು. ಅವತ್ತು ಸಂಜೆ ಅಪ್ಪಂಗೆ ವಿಡಿಯೋ ಕಾಲಲ್ಲಿ ಆ ಸಾಲು ತೋರ್ಸಿ ಓದಿ ಹೇಳ್ದೆ. ತೀರ್ಥಹಳ್ಳಿಯ ನಮ್ಮ ಅಂಗಳದಲ್ಲಿ ಅವತ್ತು ಕೊಯ್ದ ಕಾಳುಮೆಣಸು ಕಂಬಳಿ ಮೇಲೆ ಹರಡಿತ್ತು. ಅಪ್ಪ ಒಂದು ಮುಷ್ಟಿ ಎತ್ತಿ ಕ್ಯಾಮೆರಾ ಹತ್ರ ಹಿಡಿದು, "ಇದಾ? ವರ್ಷಕ್ಕೆ ಒಂದಾ?" ಅಂತ ಕೇಳಿದ್ರು. ಹೂಂ ಅಪ್ಪ, ಅದೂ ಅವರು ಕೇಳಿದ್ರೆ ಮಾತ್ರ ಅಂದೆ.

"ಹಾಗಾದ್ರೆ ಒಂದು ಡಬ್ಬಿ ಕಳಿಸ್ತೀನಿ," ಅಂದ್ರು, "ಕೇಳಿದಾಗ ಇಲ್ಲ ಅನ್ನೋ ಹಾಗೆ ಆಗ್ಬಾರ್ದು."